ನೆರೆಸೀಮೆಯ ಆಕಾಶದಲ್ಲಿ ‘ತಪಸ್’
(ಶಾಲೆಯ ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಬಳಿ, ಹೊಲವೊಂದರಲ್ಲಿ ಪೈಲಟ್ ಇಲ್ಲದ ವಿಮಾನವೊಂದು ಬಿದ್ದಿತು. 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿಯೂ ಇದೇ ಜಾತಿಯದೊಂದು ಬಿದ್ದಿತ್ತು. ಪ್ರಾಣಹಾನಿ ಎರಡು ಸಲವೂ ಆಗಲಿಲ್ಲ. ಅಮರಾಪುರದವರಾದ ನಮಗೆ ಹಿರಿಯೂರು, ಚಳ್ಳಕೆರೆಗಳು ಪರದೇಶವಲ್ಲ. ರಾಜ್ಯದ ಗಡಿ ನಡುವೆ ಇದ್ದರೂ ಮಣ್ಣು ಒಂದೇ, ಮಾತು ಒಂದೇ. ಆದ್ದರಿಂದ ಆ ವಿಮಾನದ ಕಥೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಶತ್ರುವಿನ ಚಲನವಲನಗಳನ್ನು ಎತ್ತರದಿಂದ ಗಮನಿಸುವ ಬೇಹು ವಿಮಾನವಿದು. ಒಳಗೆ ಮನುಷ್ಯನಿಲ್ಲ, ನಡೆಸುವವರು ನೆಲದ ಮೇಲೆ ಕುಳಿತಿರುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ ಸೇರಿದ, ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಇದನ್ನು ರೂಪಿಸಿತು. ಮೊದಲ ಹೆಸರು ‘ರುಸ್ತುಂ’. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1980ರ ದಶಕದಲ್ಲಿ ಹಗುರ ವಿಮಾನವೊಂದರ ಸಂಶೋಧನೆಯನ್ನು ಮುನ್ನಡೆಸಿದ ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟ ಹೆಸರದು. ಗುರುವಿನ ಹೆಸರನ್ನು ಯಂತ್ರಕ್ಕಿಟ್ಟ ಈ ಔಚಿತ್ಯ ನಮಗೆ ಬಹಳ ಹಿಡಿಸಿದೆ.

ರುಸ್ತುಂ-1 ಹೊಸೂರಿನ ಸಮೀಪದ ವಿಮಾನನೆಲೆಯಿಂದ 2009ರ ನವೆಂಬರ್ 16ರಂದು ಮೊದಲು ಹಾರಿತು. ಇಳಿಯುವಾಗ ಎತ್ತರದ ಅಂದಾಜು ತಪ್ಪಿ ನೆಲಕ್ಕಪ್ಪಳಿಸಿತು. ಹನ್ನೊಂದು ತಿಂಗಳ ಬಳಿಕ, 2010ರ ಅಕ್ಟೋಬರ್ 16ರಂದು, ಅದು ಸುರಕ್ಷಿತವಾಗಿ ಹಾರಿ ಇಳಿಯಿತು. ಹೆಚ್ಚು ದೊಡ್ಡದಾದ, ಎರಡು ಎಂಜಿನ್‌ಗಳ ರುಸ್ತುಂ-2ಕ್ಕೆ 2011ರಲ್ಲಿ ಮಂಜೂರಾತಿ ದೊರೆಯಿತು. 2016ರ ನವೆಂಬರ್ 15ರಂದು ಚಳ್ಳಕೆರೆಯ ಪರೀಕ್ಷಾ ನೆಲೆಯಿಂದ ಅದು ಆಕಾಶಕ್ಕೇರಿತು. ಅದಕ್ಕೆ ‘ತಪಸ್’ ಎಂದು ಹೆಸರಾಯಿತು.

ಗುರಿ ಸುಲಭದ್ದಾಗಿರಲಿಲ್ಲ. 30,000 ಅಡಿ ಎತ್ತರದಲ್ಲಿ, ಒಂದೇ ಸಲಕ್ಕೆ 24 ಗಂಟೆ ಹಾರಬೇಕು. ಎವರೆಸ್ಟ್ ಶಿಖರಕ್ಕಿಂತ ಮೇಲಿನ ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು. ತೆಳುಗಾಳಿಯಲ್ಲಿ ಎಂಜಿನ್ನಿಗೆ ಉಸಿರು ಸಾಲದು, ರೆಕ್ಕೆಗೆ ಆಸರೆಯೂ ಸಾಲದು. ಕ್ಯಾಮೆರಾ, ರೇಡಾರುಗಳ ಭಾರ ಬೇರೆ. ಭಾರ ಹೆಚ್ಚಿದಷ್ಟೂ ಇಂಧನ ಬೇಗ ತೀರುತ್ತದೆ. ಇಂಧನವನ್ನೇ ಹೆಚ್ಚು ತುಂಬಿದರೆ ಅದೂ ಭಾರವೇ. ವಿಮಾನದ ತೂಕ ಮೊದಲಿನ ಅಂದಾಜನ್ನು ಮೀರಿತು. ಎಂಜಿನ್ ಹೊರದೇಶದ್ದು, ಅದನ್ನು ಇಲ್ಲಿಯೇ ಮಾಡಿಕೊಳ್ಳುವುದು ವಿಮಾನ ಮಾಡಿದಷ್ಟೇ ಕಠಿಣವಾದ ಮತ್ತೊಂದು ವಿದ್ಯೆ.

ಅದು ಏನೂ ಸಾಧಿಸಲಿಲ್ಲವೆಂದರೆ ಅನ್ಯಾಯವಾದೀತು. 2023ರ ಜೂನ್ 16ರಂದು ಚಳ್ಳಕೆರೆಯಿಂದ ಹೊರಟ ತಪಸ್ಸಿನ ನಿಯಂತ್ರಣವನ್ನು ಕಾರವಾರದಿಂದ 148 ಕಿಲೋಮೀಟರ್ ದೂರದ ಕಡಲಿನಲ್ಲಿದ್ದ ನೌಕಾಪಡೆಯ ‘ಸುಭದ್ರಾ’ ಹಡಗು ವಹಿಸಿಕೊಂಡು, ನಲವತ್ತು ನಿಮಿಷ ನಡೆಸಿ, ಮರಳಿ ಒಪ್ಪಿಸಿತು. ಬಯಲುಸೀಮೆಯಿಂದೆದ್ದ ಯಂತ್ರ ನಡುಗಡಲಿನವರ ಅಂಕೆಯಲ್ಲಿ ಹಾರಿತು. ಆದರೆ ಪರೀಕ್ಷೆಗಳಲ್ಲಿ ಅದು ಮುಟ್ಟಿದ್ದು ಸುಮಾರು 28,000 ಅಡಿ ಮತ್ತು 18 ಗಂಟೆಗಳಿಗೆ ಸ್ವಲ್ಪ ಹೆಚ್ಚು. ಗುರಿ ತಲುಪಲಿಲ್ಲವೆಂದು 2024ರ ಆರಂಭದಲ್ಲಿ ಯೋಜನೆಯನ್ನು ಆದ್ಯತೆಯ ಪಟ್ಟಿಯಿಂದ ಕೈಬಿಟ್ಟ ಸುದ್ದಿ ಬಂದಿತು. ಕೊರತೆಯನ್ನು ಅಂಕಿಗಳಲ್ಲಿಯೇ ಹೇಳಿದ್ದು ಸರಿಯೆಂದು ನಮ್ಮ ಭಾವನೆ. ಆರು ಗಂಟೆ ಕಡಿಮೆ ಎಂದಾಗ ಮುಂದಿನವನಿಗೆ ಕೆಲಸ ಎಲ್ಲಿ ಉಳಿದಿದೆಯೆಂದು ತಿಳಿಯುತ್ತದೆ. ಬರಿದೇ ‘ವಿಫಲ’ ಎಂದರೆ ಏನೂ ತಿಳಿಯದು.

ಈ ಲೆಕ್ಕಕ್ಕೆ ನೆಲದ ಲೆಕ್ಕವನ್ನೂ ಸೇರಿಸಬೇಕು. ಪರೀಕ್ಷಾ ನೆಲೆ ಎದ್ದಿರುವುದು ಅಮೃತಮಹಲ್ ಕಾವಲಿನಲ್ಲಿ. ಮೈಸೂರು ಅರಸರ, ಟಿಪ್ಪುವಿನ ಕಾಲದಲ್ಲಿ ಸೈನ್ಯದ ತೋಪುಗಾಡಿಗಳನ್ನೆಳೆದ ಎತ್ತುಗಳ ತಳಿ ಬೆಳೆದದ್ದು ಇಂಥ ಕಾವಲುಗಳಲ್ಲಿಯೇ. ದಂಡಿಗೆ ದುಡಿಯುವುದು ಆ ನೆಲಕ್ಕೆ ಹೊಸದೇನಲ್ಲ. ಆದರೆ ಆಗ ಹುಲ್ಲು ಉಳಿಯುತ್ತಿತ್ತು. ಈಗ ಗೋಡೆ ಎದ್ದಿದೆ. ಕುರಿ ಮೇಯಿಸುವವರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಎತ್ತರ, ಗಂಟೆಗಳಂತೆ, ಕುರಿಹಿಂಡುಗಳಿಗೆ ತಪ್ಪಿದ ಮೇವೂ ಈ ಪ್ರಯೋಗದ ಖರ್ಚೇ. ಅದನ್ನು ಯಾರ ಪುಸ್ತಕದಲ್ಲಿ ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ವಿಜ್ಞಾನದ ಅಧ್ಯಾಪಕರಲ್ಲಿ ಒಂದು ಬಿನ್ನಹ. ತೂಕ, ಇಂಧನ, ತೆಳುಗಾಳಿ ಇವಿಷ್ಟನ್ನೂ ಹತ್ತನೆಯ ತರಗತಿಯ ಗಣಿತದಿಂದಲೇ ವಿವರಿಸಬಹುದು, ಕನ್ನಡದಲ್ಲಿಯೇ ವಿವರಿಸಬಹುದು. ಆ ಉಳಿದ ಆರು ಗಂಟೆಗಳ ಲೆಕ್ಕವನ್ನು ಮಕ್ಕಳ ಮುಂದೆ ಒಮ್ಮೆ ಇಟ್ಟು ನೋಡಿ.