ಅಪ್ಪ ಹೊಡೆದು ಹಾಕಿದ ಸಾಲು
(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಬೆಂಗಳೂರಿನಿಂದ ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ನಾನು ಹೇಳಬೇಕು ಅಂತ ಬಂದಿರುವುದು ಕಾಗದದ ವಿಷಯ. ಕೈಯಲ್ಲಿ ಬರೆದು, ಅಂಟಿಸಿ, ಅಂಚೆ ಡಬ್ಬಕ್ಕೆ ಹಾಕುವ ಕಾಗದ.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಆಡುವುದು ತೆಲುಗು, ಬರೆಯುವುದು ಕನ್ನಡ. ನಮ್ಮ ಅಜ್ಜಿಗೆ ಎರಡರಲ್ಲೂ ಅಕ್ಷರ ಬರುತ್ತಿರಲಿಲ್ಲ. ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ ವರ್ಷದಿಂದ, ಚಿಂತಾಮಣಿ ಕಡೆಗೆ ಕೊಟ್ಟಿದ್ದ ನಮ್ಮ ಅತ್ತೆಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿ ತೆಲುಗಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ‘ಅವರ ಮನೆಯಲ್ಲಿ ಹೊಟ್ಟೆ ತುಂಬ ಇಕ್ಕುತ್ತಾರಾ ಇಲ್ವಾ ಕೇಳು’ ಎನ್ನುತ್ತಿದ್ದಳು. ಅದನ್ನು ಹಾಗೇ ಬರೆದು, ಅದು ಅತ್ತೆಯ ಅತ್ತೆಯ ಕಿವಿಗೆ ಬಿದ್ದರೆ ಗತಿ ಏನು? ನಾನು ‘ಆರೋಗ್ಯದ ಕಡೆ ಗಮನ ಕೊಡು’ ಎಂದು ಬರೆಯುತ್ತಿದ್ದೆ. ಓದಿ ಹೇಳು ಎಂದಾಗ ಮಾತ್ರ ಅಜ್ಜಿ ಹೇಳಿದ್ದನ್ನೇ ತೆಲುಗಿನಲ್ಲಿ ಒಪ್ಪಿಸುತ್ತಿದ್ದೆ. ಅಜ್ಜಿ ತಲೆಯಾಡಿಸುತ್ತಿದ್ದಳು. ಆ ಸುಳ್ಳಿಗೆ ಇವತ್ತು ಈ ವೇದಿಕೆಯಿಂದ ಕ್ಷಮೆ ಕೇಳುತ್ತೇನೆ.

ಬರೆಯುವ ಕ್ರಮ ಕಲಿಸಿದವರು ನಮ್ಮ ಕನ್ನಡ ಮೇಷ್ಟ್ರು. ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಚಿಕ್ಕವರಿಗೆ ‘ಚಿರಂಜೀವಿ’. ಪತ್ರಲೇಖನದ ಪಾಠಕ್ಕೆ ಅವರು ನಿಜವಾದ ಕಾರ್ಡುಗಳನ್ನೇ ತರುತ್ತಿದ್ದರು. ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು ಎಂದು ಹೇಳಿ, ಸುತ್ತಲಿನ ಊರುಗಳದ್ದನ್ನು ಬಾಯಿಪಾಠ ಮಾಡಿಸಿದ್ದರು: ಚಿಕ್ಕಬಳ್ಳಾಪುರ 562101, ಶಿಡ್ಲಘಟ್ಟ 562105, ಗೌರಿಬಿದನೂರು 561208, ಚಿಂತಾಮಣಿ 563125. ದಿನಾ ಬಳಸುವ ಪಾಸ್‌ವರ್ಡ್ ನನಗೆ ಮರೆಯುತ್ತದೆ, ಇವು ಮರೆತಿಲ್ಲ.

ಕಾಗದ ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. 1927ರ ಬೇಸಿಗೆಯಲ್ಲಿ ಗಾಂಧೀಜಿಯವರು ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿ ಬೆಟ್ಟದಲ್ಲಿ ತಂಗಿದ್ದರು. ವೈದ್ಯರು ವಿಶ್ರಾಂತಿ ಹೇಳಿದ್ದರೂ ಕಾಗದ ಬರೆಯುವುದನ್ನು ಬಿಡಲಿಲ್ಲ. ದೂರದಲ್ಲಿದ್ದ ಮೀರಾ ಬೆಹನ್ ಅವರಿಗೆ, ಆಶ್ರಮದವರಿಗೆ ಬೆಟ್ಟದ ಮೇಲಿನಿಂದ ಪತ್ರ ಹೋಗುತ್ತಿತ್ತು. ನಂದಿ ಬೆಟ್ಟ ಎಂಬ ವಿಳಾಸ ಹೊತ್ತ ಆ ಪತ್ರಗಳನ್ನು ಅವರ ಸಮಗ್ರ ಬರಹಗಳ ಸಂಪುಟಗಳಲ್ಲಿ ಈಗಲೂ ಓದಬಹುದು. ಆ ಬೇಸಿಗೆಯಲ್ಲಿ ಅವರು ಅಲ್ಲಿ ಆಡಿದ ಮಾತುಗಳಲ್ಲಿ ಹೆಚ್ಚಿನವು ಗಾಳಿಗೆ ಹೋದವು. ಬರೆದದ್ದು ಉಳಿಯಿತು.

ಇದು ದೊಡ್ಡವರ ಮಾತಾಯಿತು. ಇನ್ನು ನಮ್ಮ ಮನೆಯದನ್ನು ಹೇಳುತ್ತೇನೆ.

2006ರಲ್ಲಿ ನಾನು ಬಿ.ಇ.ಗೆ ಸೇರಿ ಹಾಸ್ಟೆಲ್‌ಗೆ ಹೋದೆ. ಕನ್ನಡ ಮಾಧ್ಯಮದ ಹುಡುಗ, ಮೊದಲ ಸೆಮಿಸ್ಟರ್‌ನಲ್ಲೇ ಗಣಿತದಲ್ಲಿ ಫೇಲಾದೆ. ಅಪ್ಪನ ಹತ್ತಿರ ಆಗ ಮೊಬೈಲ್ ಇರಲಿಲ್ಲ. ಪಕ್ಕದ ಮನೆಗೆ ಫೋನ್ ಮಾಡಿ ಕರೆಸಬಹುದಿತ್ತು, ಧೈರ್ಯ ಬರಲಿಲ್ಲ. ಒಂದು ಇನ್‌ಲ್ಯಾಂಡ್ ಲೆಟರ್ ತಂದು ನಿಜ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು. ಅಪ್ಪ ಏಳನೇ ಕ್ಲಾಸಿನವರೆಗೆ ಓದಿದ್ದವರು, ರೇಷ್ಮೆ ಬೆಳೆಗಾರರು. ಹೀಗೆ ಬರೆದಿದ್ದರು: ‘ಈ ಸಲ ಹುಳಕ್ಕೆ ಸುಣ್ಣಕಟ್ಟು ಬಂದು ಬೆಳೆ ಹೋಯಿತು. ಹುಳುಮನೆ ತೊಳೆದು ಮತ್ತೆ ಮೊಟ್ಟೆ ತಂದಿದ್ದೇನೆ. ನೀನೂ ಹಾಗೇ ಮಾಡು. ಅಮ್ಮನಿಗೆ ನಾನು ಹೇಳುತ್ತೇನೆ.’

ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಆ ಕಾಗದ ನನ್ನ ಹತ್ತಿರ ಇದೆ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ತಿಥಿ ಮುಗಿದ ಮೇಲೆ ಅವರ ಟ್ರಂಕು ತೆಗೆದೆವು. ಗೂಡು ಮಾರಿದ ಚೀಟಿಗಳ ಕಟ್ಟಿನಲ್ಲಿ ನಾನು ಬರೆದ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ಅದರ ಒಳಗೆ ಒಂದು ಚೀಟಿ. ಅದರ ಹಿಂಬದಿಯಲ್ಲಿ ಅಪ್ಪ ನನಗೆ ಉತ್ತರ ಬರೆಯಲು ಮೊದಲು ಮಾಡಿದ ಪ್ರಯತ್ನ ಇತ್ತು. ‘ನಿನ್ನ ಫೀಸಿಗೆ ನಾನು ಎಷ್ಟು ಸಾಲ ಮಾಡಿದ್ದೇನೆ ಗೊತ್ತಾ’ ಎಂದು ಶುರು ಮಾಡಿ ಹೊಡೆದು ಹಾಕಿದ್ದರು. ಕೆಳಗೆ ಇನ್ನೊಂದು ಸಾಲು, ಅದನ್ನೂ ಓದಲಾಗದಂತೆ ಹೊಡೆದಿದ್ದರು.

ಅಪ್ಪನಿಗೆ ಸಿಟ್ಟು ಬಂದಿತ್ತು ಎಂದು ನನಗೆ ತಿಳಿದದ್ದೇ ಅವತ್ತು. ಸಾಲದ ವಿಷಯ ತಿಳಿದದ್ದೂ ಅವತ್ತೇ. ಫೋನ್ ಮಾಡಿದ್ದರೆ ಆ ಮೊದಲ ಸಾಲೇ ನನ್ನ ಕಿವಿಗೆ ಬೀಳುತ್ತಿತ್ತು. ಹದಿನೆಂಟು ವರ್ಷದ ನಾನು ಅದನ್ನು ಹೇಗೆ ತಡೆದುಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಕಾಗದ ಅವರಿಗೆ ಹೊಡೆದು ಹಾಕಲು ಸಮಯ ಕೊಟ್ಟಿತು.

ಫೋನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅಪ್ಪನಿಗೆ ಎದೆನೋವು ಬಂದ ರಾತ್ರಿ ನನ್ನನ್ನು ಊರಿಗೆ ಕರೆಸಿದ್ದು ಫೋನೇ. ಅವರು ಮೊಬೈಲ್ ತೆಗೆದುಕೊಂಡ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ದಿನಾ ಮಾತಾಡಿದೆವು. ‘ಊಟ ಆಯ್ತಾ?’ ‘ಆಯ್ತು.’ ‘ಮಳೆ ಬಂತಾ?’ ‘ಇಲ್ಲ.’ ಅದೂ ಪ್ರೀತಿಯೇ. ಆದರೆ ಅವರು ಕಳಿಸಿದ್ದ ಧ್ವನಿ ಸಂದೇಶಗಳು ನಾನು ಫೋನ್ ಬದಲಾಯಿಸಿದಾಗ ಹೋದವು. ಬೇರೆಯವರ ಮಾಹಿತಿ ಕಳೆಯದಂತೆ ಬ್ಯಾಕಪ್ ಇಡುವುದು ನನ್ನ ಉದ್ಯೋಗ. ನನ್ನ ಅಪ್ಪನ ದನಿಗೆ ನಾನು ಬ್ಯಾಕಪ್ ಇಡಲಿಲ್ಲ. ಅಪ್ಪ ನನ್ನ ಕಾಗದವನ್ನು ಟ್ರಂಕಿನಲ್ಲಿ ಇಟ್ಟಿದ್ದರು.

ವಿದ್ಯಾರ್ಥಿಗಳೇ, ಇವತ್ತು ನಾನು ಇನ್ನೂರು ಪೋಸ್ಟ್ ಕಾರ್ಡ್ ತಂದಿದ್ದೇನೆ. ಒಂದಕ್ಕೆ ಈಗಲೂ 50 ಪೈಸೆ, ಒಟ್ಟು ನೂರು ರೂಪಾಯಿ ಆಯಿತು. ಸಭೆ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಎದುರಿಗೆ ನಿಂತು ಹೇಳಲಾಗದ ಒಂದು ಮಾತನ್ನು ಅಪ್ಪನಿಗೋ ಅಮ್ಮನಿಗೋ ಬರೆಯಿರಿ. ಒಂದೇ ಮನೆಯಲ್ಲಿದ್ದರೂ ಪರವಾಗಿಲ್ಲ, ಅಂಚೆಗೇ ಹಾಕಿ. ಕಾರ್ಡನ್ನು ಯಾರು ಬೇಕಾದರೂ ಓದಬಹುದು, ಗುಟ್ಟಿನ ಮಾತಿದ್ದರೆ ಹೇಳಿ, ಇನ್‌ಲ್ಯಾಂಡ್ ಲೆಟರ್ ಕೊಡಿಸುತ್ತೇನೆ. ಮೊದಲು ರಫ್ ಪುಸ್ತಕದ ಹಿಂದೆ ಬರೆದು ನೋಡಿ. ಸಿಟ್ಟಿನ ಸಾಲು ಬಂದರೆ ಹೊಡೆದು ಹಾಕಿ.

ಪೋಷಕರಲ್ಲೂ ಒಂದು ಬೇಡಿಕೆ. ಮಕ್ಕಳ ಕಾಗದ ಬಂದರೆ ಅಕ್ಷರ ದುಂಡಗಿಲ್ಲ ಎಂದು ಬಯ್ಯಬೇಡಿ. ನಾಲ್ಕು ಸಾಲು ಉತ್ತರ ಬರೆಯಿರಿ. ಬರೆಯಲು ಬಾರದಿದ್ದರೆ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಬರೆಸಿ. ಅವನು ಸ್ವಲ್ಪ ತಿದ್ದಿಯೇ ಬರೆಯುತ್ತಾನೆ, ಚಿಂತೆ ಇಲ್ಲ.

 ಇತ್ತ ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಿ.