ಕೇಳದೆ ಉಳಿದ ಪ್ರಶ್ನೆ



ಎರಡು ಭಾಷೆಗಳ ನಡುವೆ ಬದುಕುವ ನಮಗೆ ಒಂದೇ ಪದ ಎರಡು ಅರ್ಥ ಕೊಡುವುದು ಹೊಸತಲ್ಲ. ಮಲಯಾಳದಲ್ಲಿ 'ಚೋದ್ಯ' ಎಂದರೆ ಪ್ರಶ್ನೆ. ಕನ್ನಡದಲ್ಲಿ ಚೋದ್ಯವೆಂದರೆ ಸೋಜಿಗ. ಗಡಿನಾಡಿನ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತು ಪ್ರಶ್ನೆ ಕೇಳಿದರೆ, ಅದು ಎರಡೂ ಅರ್ಥದಲ್ಲಿ ಚೋದ್ಯವೇ.

ಕಾರಣ ದಡ್ಡತನವಲ್ಲ. ಪುಸ್ತಕ ಇಂಗ್ಲಿಷಿನದು. ವಿವರಣೆ ಕಾಸರಗೋಡಿನಲ್ಲಾದರೆ ಮಲಯಾಳದಲ್ಲಿ, ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ. ಸಂಶಯ ಹುಟ್ಟುವುದು ಮಾತ್ರ ಮನೆಮಾತಿನಲ್ಲಿ. ಅದನ್ನು ಇನ್ನೊಂದು ಭಾಷೆಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಹಾಗೆ ಗಂಟಲಲ್ಲೇ ಉಳಿದ ಪ್ರಶ್ನೆಯನ್ನು ಹೊರಗೆ ತರಲು ಕೈಯಲ್ಲಿರುವ ಮೊಬೈಲು ಸಹಾಯ ಮಾಡೀತೇ ಎಂಬುದು ಇಂದಿನ ಮಾತು.

ದೂರದಿಂದ ಪಾಠ ಹೇಳುವ ಪ್ರಯತ್ನ ನಮ್ಮ ದೇಶದಲ್ಲಿ ಹಳೆಯದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ 'ಸೈಟ್' ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ಕರ್ನಾಟಕದ ಮತ್ತು ಆಂಧ್ರದ ಹಳ್ಳಿಗಳೂ ಅದರಲ್ಲಿದ್ದವು. 1984ರ ಆಗಸ್ಟ್ 15ರಂದು ಕಾಲೇಜು ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ ಪಾಠಗಳು ಆರಂಭವಾದವು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪೆಟ್ಟಿಗೆ ಮಾತಾಡುತ್ತಿತ್ತು, ನಾವು ಕೇಳುತ್ತಿದ್ದೆವು. ತಿರುಗಿ ಕೇಳುವ ದಾರಿ ಇರಲಿಲ್ಲ. ಈಗ ಆ ದಾರಿ ಇದೆ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ಅಧ್ಯಾಪಕರೆಲ್ಲ ಮೊಬೈಲಿನ ಮುಂದೆ ಕುಳಿತರು. ಸಿಗ್ನಲಿಗಾಗಿ ಮಕ್ಕಳು ಗುಡ್ಡ ಹತ್ತಿದ್ದು ನಿಮಗೆ ನೆನಪಿದೆ. ಬಾಗಿಲು ತೆರೆದ ಮೇಲೆ, ಇನ್ನು ಅದರ ಗೊಡವೆ ಬೇಡ ಎಂದವರು ಅನೇಕರು. ತರಗತಿಯ ಬದಲಿಗೆ ಮೊಬೈಲು ಬೇಡ, ನಿಜ. ಆದರೆ ತರಗತಿ ಮುಗಿದ ಮೇಲಿನ ಮಾತಿಗೆ ಅದು ಬೇಕು.

ಹೇಗೆಂದರೆ, ಗಂಟೆಗಟ್ಟಲೆ ವಿಡಿಯೊ ಕಳಿಸಬೇಕಾಗಿಲ್ಲ. ಒಂದು ಗಂಟೆಯ ವಿಡಿಯೊಗೆ ನೂರಾರು ಎಂ.ಬಿ. ಡೇಟಾ ಬೇಕಾಗುತ್ತದೆ. ಹತ್ತು ನಿಮಿಷದ ಧ್ವನಿ ಸಂದೇಶಕ್ಕೆ ಒಂದೆರಡು ಎಂ.ಬಿ. ಸಾಕು. ಅರ್ಥಶಾಸ್ತ್ರದ ಅಧ್ಯಾಪಕರು 'ಡಿಮಾಂಡ್' ಪಾಠ ಮಾಡಿದ ಸಂಜೆ, ಕನ್ನಡದಲ್ಲಿ ಇದು ಬೇಡಿಕೆ, ಮರಾಠಿಯಲ್ಲಿ ಮಾಗಣಿ, ಸಂತೆಯಲ್ಲಿ ಟೊಮೇಟೊ ದರ ಇಳಿದಾಗ ನೀವು ಒಂದು ಕಿಲೋ ಹೆಚ್ಚು ಕೊಳ್ಳುತ್ತೀರಲ್ಲ, ಅದೇ ಇದು ಎಂದು ಎರಡು ನಿಮಿಷ ಮಾತಾಡಿ ಕಳಿಸಿದರೆ ಸಾಕು. ವಿದ್ಯಾರ್ಥಿ ಅದನ್ನು ಮೂರು ಸಲ ಕೇಳಬಹುದು. ತನ್ನ ಸಂಶಯವನ್ನು ತನ್ನ ಮಾತಿನಲ್ಲೇ, ಅಧ್ಯಾಪಕರೊಬ್ಬರಿಗೇ ಹೇಳಿ ಕಳಿಸಬಹುದು. ಅಧ್ಯಾಪಕರು ಹೆಸರು ಹೇಳದೆ ಉತ್ತರವನ್ನು ಎಲ್ಲರಿಗೂ ಕೊಡಬಹುದು. ಒಬ್ಬರು ಕೇಳಿದ್ದು ಹತ್ತು ಮಂದಿಯ ಸಂಶಯವಾಗಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಾಟ್ಸಾಪಿನ ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯವರು ಹೆದರುವುದು ಇದಕ್ಕೇ, ಆ ಹೆದರಿಕೆ ಸುಳ್ಳಲ್ಲ. ಗೂಗಲ್ ಕ್ಲಾಸ್‌ರೂಮ್ ಎಂಬುದರಲ್ಲಿ ಈ ತೊಂದರೆ ಇಲ್ಲ. ಇ-ಮೇಲ್ ವಿಳಾಸ ಮತ್ತು ಅಧ್ಯಾಪಕರು ಕೊಡುವ ಒಂದು ಸಂಕೇತ ಇದ್ದರೆ ಸೇರಬಹುದು. ಒಪ್ಪಿಸಿದ ಬರಹದ ಕೆಳಗೆ ಅಧ್ಯಾಪಕರೂ ವಿದ್ಯಾರ್ಥಿಯೂ ಇಬ್ಬರೇ ಮಾತಾಡಿಕೊಳ್ಳಲು ಜಾಗವಿದೆ.

ಕನ್ನಡ ಅಧ್ಯಾಪಕರಿಗೆ ಇನ್ನೊಂದು ಮಾತು. ಕಂಪ್ಯೂಟರಿನ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಟಿಪ್ಪಣಿ ಮಕ್ಕಳ ಮೊಬೈಲಿನಲ್ಲಿ ಅರ್ಥವಾಗದ ಗುರುತುಗಳಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ ಕಳಿಸಿ, ಇಲ್ಲವೆ ಪಿ.ಡಿ.ಎಫ್. ಮಾಡಿ ಕಳಿಸಿ. ಕನ್ನಡ ಓದಲು ಬಾರದ ಹಾಗೆ ಬಂದರೆ, ಮಕ್ಕಳು ಇಂಗ್ಲಿಷೇ ಸುಲಭ ಎಂದುಕೊಳ್ಳುತ್ತಾರೆ.

2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ಎಂಬಲ್ಲಿ ಕಾಲೇಜು ಪಾಠಗಳು ಉಚಿತವಾಗಿ ಸಿಗುತ್ತವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಊರಿನ ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಅಲ್ಲಿ ಕಲಿಯಬಹುದು. ಆದರೆ ಅದನ್ನು ಕೇಳಿ ಬಂದವರಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಲು ಹತ್ತಿರದ ಮೇಷ್ಟ್ರೇ ಬೇಕು.

ತಂದೆತಾಯಿಗಳೇ, ಈಗ ನಿಮ್ಮಲ್ಲಿ ಒಂದು ಕೇಳಿಕೆ. ಎಷ್ಟೋ ಮನೆಗಳಲ್ಲಿ ಮೊಬೈಲು ಒಂದೇ. ಅದು ಮೊದಲು ಅಪ್ಪನ ಜೇಬಿಗೆ, ಆಮೇಲೆ ಮಗನ ಕೈಗೆ. ಮಗಳ ಸರದಿ ಬರುವಾಗ ಬ್ಯಾಟರಿ ಮುಗಿದಿರುತ್ತದೆ. ಡಿಗ್ರಿ ಓದುವ ಮಗಳಿಗೆ ದಿನಕ್ಕೊಂದು ಗಂಟೆ ಗೊತ್ತುಮಾಡಿ ಕೊಡಿ. ಬೇಕಾದರೆ ಮನೆಯ ಜಗಲಿಯಲ್ಲೇ ಕುಳಿತು ಪಾಠ ಕೇಳಲಿ, ನೀವೂ ಕೇಳಿ. ಮೊಬೈಲಿನಿಂದ ಮಕ್ಕಳು ಕೆಟ್ಟಾರು ಎಂಬ ಭಯಕ್ಕೆ ಅದನ್ನು ಕಿತ್ತಿಟ್ಟರೆ, ಕೆಡುವುದು ಆಕೆಯ ಓದು. ಪ್ರಶ್ನೆ ಕೇಳದೆ ಒಂದು ಪರೀಕ್ಷೆಯಲ್ಲಿ ಸೋತವಳು ಮುಂದಿನ ವರ್ಷ ಕಾಲೇಜಿಗೇ ಬಾರದಿರಬಹುದು.

ಅಧ್ಯಾಪಕ ಮಿತ್ರರೇ, ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸಿ ಬೆಳಿಗ್ಗೆ ಉತ್ತರ ಕೇಳಬೇಡಿ. ಮೊಬೈಲಿಲ್ಲದ ವಿದ್ಯಾರ್ಥಿ ಒಬ್ಬನೇ ಇದ್ದರೂ, ಕಳಿಸಿದ್ದನ್ನು ಮಾರನೆಯ ದಿನ ಬರೆದು ನೋಟೀಸು ಹಲಗೆಗೆ ಅಂಟಿಸಿ. ಹಾಜರಿಯನ್ನು ಮೊಬೈಲಿಗೆ ಕಟ್ಟಬೇಡಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದಿಷ್ಟು. ತಪ್ಪು ಭಾಷೆಯಾದರೂ ಚಿಂತೆಯಿಲ್ಲ, ಬೆರಕೆ ಮಾತಾದರೂ ಅಡ್ಡಿಯಿಲ್ಲ. ಈ ವಾರ ನಿಮ್ಮ ಅಧ್ಯಾಪಕರಿಗೆ ಒಂದು ಪ್ರಶ್ನೆ ಕಳಿಸಿ. ಉತ್ತರ ಬಂದರೆ ಎರಡನೆಯದು ತಾನಾಗಿ ಬರುತ್ತದೆ.