ಬಯಲುಸೀಮೆಗೆ ಬರುವ ಗಿಡುಗ

ಕರ್ನಾಟಕದ ಬಯಲುಸೀಮೆಯ ಹುಲ್ಲುಗಾವಲು ಮತ್ತು ಹೊಲಗಳ ಮೇಲೆ ಚಳಿಗಾಲವಿಡೀ ತೀರ ತಗ್ಗಿನಲ್ಲಿ ತೇಲಾಡುವ ಗಿಡುಗಗಳಲ್ಲಿ ಮಾಂಟೆಗು ಹ್ಯಾರಿಯರ್ ಒಂದು. ಹ್ಯಾರಿಯರ್ ಎಂದರೆ ನೀಳವಾದ ರೆಕ್ಕೆ, ಬಾಲ, ಕಾಲುಗಳುಳ್ಳ ಗಿಡುಗಗಳ ಗುಂಪು. ಕನ್ನಡದಲ್ಲಿ ಇವಕ್ಕೆ ಸೆಳೆವ ಎಂಬ ಹೆಸರಿದೆ. ಕಜಾಕಿಸ್ತಾನ ಮತ್ತು ದಕ್ಷಿಣ ರಷ್ಯಾದ ಸ್ಟೆಪ್ ಎಂಬ ವಿಶಾಲ ಹುಲ್ಲುಬಯಲುಗಳಲ್ಲಿ ನೆಲದ ಮೇಲೆಯೇ ಗೂಡು ಮಾಡಿ ಮರಿಗಳನ್ನು ಬೆಳೆಸುವ ಈ ಹಕ್ಕಿ, ಅಲ್ಲಿ ಹಿಮ ಬೀಳುವ ಮೊದಲೇ ದಕ್ಷಿಣಕ್ಕೆ ಹೊರಟು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಭಾರತವನ್ನು ತಲುಪುತ್ತದೆ. ಪಶ್ಚಿಮ ಯೂರೋಪಿನಲ್ಲಿ ಹುಟ್ಟಿದವು ಆಫ್ರಿಕಾದತ್ತ ಹೋಗುತ್ತವೆ.

ರೆಕ್ಕೆ ಬಿಚ್ಚಿದಾಗ ಒಂದು ಮೀಟರಿಗೂ ತುಸು ಹೆಚ್ಚು ಅಗಲವಾಗುವ ಈ ಹಕ್ಕಿಯ ತೂಕ ಮಾತ್ರ 300 ಗ್ರಾಮಿನ ಆಸುಪಾಸು. ಭಾರವಾದ ಹದ್ದುಗಳು ದೂರ ಸಾಗಲು ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡರೆ, ಇಷ್ಟು ಹಗುರವಾದ ಹ್ಯಾರಿಯರ್ ತನ್ನ ರೆಕ್ಕೆಯ ಬಲದಿಂದಲೇ ಬಹುದೂರ ಹಾರಬಲ್ಲದು.

ಗುರುತಿಸುವಾಗ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಹಾರಾಟವನ್ನು: ರೆಕ್ಕೆಗಳನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತಿ ಹಿಡಿದು, ಅತ್ತಿತ್ತ ವಾಲುತ್ತ ನೆಲವನ್ನು ಜಾಲಾಡುವ ಗಿಡುಗ ಹ್ಯಾರಿಯರ್ ಆಗಿರುವ ಸಂಭವವೇ ಹೆಚ್ಚು. ಇದೇ ಬಯಲುಗಳಿಗೆ ವಲಸೆ ಬರುವ ಪ್ಯಾಲಿಡ್ ಹ್ಯಾರಿಯರಿನಿಂದ ಇದನ್ನು ಬೇರ್ಪಡಿಸುವುದು ಗಂಡುಗಳಲ್ಲಿ ಸುಲಭ. ಮಾಂಟೆಗುವಿನ ಗಂಡು ಬೂದು ಬಣ್ಣದ್ದು. ಅದರ ರೆಕ್ಕೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟಿ, ಹೊಟ್ಟೆಯ ಮೇಲೆ ಕೆಂಗಂದು ಗೀರುಗಳು ಕಾಣುತ್ತವೆ. ಪ್ಯಾಲಿಡ್ ಗಂಡು ಬಹುಮಟ್ಟಿಗೆ ಬಿಳಿಚಾಗಿದ್ದು, ರೆಕ್ಕೆಯ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆಯಷ್ಟೇ ಇರುತ್ತದೆ. ಹೆಣ್ಣುಗಳ ಪಾಡು ಬೇರೆ: ಎರಡೂ ಕಂದು ಬಣ್ಣದವು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಕೆನ್ನೆಯ ಕಪ್ಪು ಭಾಗದ ಹಿಂದೆ ಕೊರಳನ್ನು ಸುತ್ತುವ ತಿಳಿ ಪಟ್ಟಿ ಸ್ಪಷ್ಟವಾಗಿದ್ದರೆ ಪ್ಯಾಲಿಡ್ ಎನ್ನಬಹುದು. ಕಾಣದಿದ್ದಾಗ ಊಹೆಯಿಂದ ಹೆಸರಿಡುವುದಕ್ಕಿಂತ ಎರಡರಲ್ಲೊಂದು ಎಂದು ದಾಖಲಿಸುವುದೇ ಪ್ರಾಮಾಣಿಕ ಕ್ರಮ.

ಹಗಲೆಲ್ಲ ಮಿಡತೆ, ಓತಿ, ಸಣ್ಣ ಹಕ್ಕಿಗಳ ಬೇಟೆಯಲ್ಲಿ ಚದುರಿಹೋಗುವ ಇವು ಸಂಜೆ ಒಂದೆಡೆ ಕೂಡಿ, ಮರವನ್ನೇರದೆ ಎತ್ತರದ ಹುಲ್ಲಿನ ನಡುವೆ ನೆಲದಲ್ಲಿಯೇ ರಾತ್ರಿ ಕಳೆಯುತ್ತವೆ. ಗುಜರಾತಿನ ವೇಳಾವದರ್ ಇಂತಹ ತಂಗುದಾಣಗಳಿಗೆ ಹೆಸರಾಗಿದೆ; ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಮತ್ತು ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲುಗಳಿಗೂ ಹ್ಯಾರಿಯರ್‌ಗಳು ಬರುತ್ತವೆ. ಹುಲ್ಲುನೆಲವನ್ನು ಬಂಜರೆಂದು ಎಣಿಸಿ ನೀಲಗಿರಿ ನೆಡುವುದು ಹಸಿರೀಕರಣದಂತೆ ತೋರಿದರೂ, ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರಕ್ಕೆ ಹೊರಡುವವರೆಗೆ ನೆಲದಲ್ಲಿಯೇ ಮಲಗಬೇಕಾದ ಈ ಹಕ್ಕಿಯ ಪಾಲಿಗೆ ಅದು ನೆಲೆ ತಪ್ಪಿಸುವ ಕೆಲಸ.